ಕ್ರೀಡಾ ಪೋಸ್ಟ್‌ಗಳಲ್ಲಿ ಹೆಣ್ಣು ಮತ್ತು ಬಣ್ಣ: ಡೆಸ್ಕ್‌ಗಳು ಮಾಡಬೇಕಾದ ಕೆಲಸ

ಮಾನ್ಯ ಸಂಪಾದಕರೆ,

ಅಚ್ಚಿಗೆ ಹೋಗುವ ಕ್ರೀಡಾಪುಟವನ್ನು ವರದಿಗಾರರು ಬರೆದ ಮೇಲೆ ಉಪಸಂಪಾದಕರು ತಿದ್ದುತ್ತಾರೆ, ಪುಟದ ಹೊಣೆ ಹೊತ್ತವರು ಮತ್ತೊಮ್ಮೆ ಓದುತ್ತಾರೆ. ಅದೇ ಸುದ್ದಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್, ಯೂಟ್ಯೂಬ್‌ಗೆ ಹೋಗುವಾಗ ಈ ಹಂತಗಳು ಬಹುಮಟ್ಟಿಗೆ ಇರುವುದಿಲ್ಲ. ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಒಬ್ಬರೇ ಕೂತು ಸಾಲು ಬರೆದು, ಚಿತ್ರ ಕತ್ತರಿಸಿ, ಹ್ಯಾಷ್‌ಟ್ಯಾಗ್ ಸೇರಿಸಿ ಹಾಕಿಬಿಡುತ್ತಾರೆ. ಆಟಗಾರ್ತಿಯರನ್ನೂ ಕಪ್ಪು ವರ್ಣದ ಆಟಗಾರರನ್ನೂ ಕುಗ್ಗಿಸಿ ತೋರಿಸುವ ತಪ್ಪುಗಳಲ್ಲಿ ಹೆಚ್ಚಿನವು ಆಗುವುದು ಈ ಕೆಲವು ನಿಮಿಷಗಳಲ್ಲೇ. ಪ್ರತಿಯೊಂದರ ಹಿಂದೆಯೂ ದ್ವೇಷ ಇರುತ್ತದೆಂದು ನಾವು ಹೇಳುತ್ತಿಲ್ಲ. ಆತುರ, ರೂಢಿ, ಕ್ಲಿಕ್ ಹೆಚ್ಚಲಿ ಎಂಬ ಆಸೆ ಇಷ್ಟಿದ್ದರೂ ತಪ್ಪು ನಡೆದುಹೋಗುತ್ತದೆ. ಡೆಸ್ಕ್‌ನ ಕೆಲಸದ ಕ್ರಮವನ್ನು ಬದಲಿಸಿದರೆ ಇದನ್ನು ಬಹಳಷ್ಟು ತಡೆಯಬಹುದು ಎಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಸಾಲಿನ ವಿಷಯ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕೋರಿ ಕಾಗ್‌ಡೆಲ್ ಟ್ರ್ಯಾಪ್ ಶೂಟಿಂಗ್‌ನಲ್ಲಿ ಕಂಚು ಗೆದ್ದರು. 2008ರ ಬೀಜಿಂಗ್ ಬಳಿಕ ಅದು ಅವರ ಎರಡನೇ ಒಲಿಂಪಿಕ್ ಪದಕ. ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಟ್ವೀಟ್‌ನಲ್ಲಿ ಅವರ ಹೆಸರೇ ಇರಲಿಲ್ಲ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಬೇರ್ಸ್‌ನ ಆಟಗಾರನ ಪತ್ನಿಗೆ ಕಂಚು ಎಂದಷ್ಟೇ ಇತ್ತು. ಇದು ಹೇಗಾಯಿತೆಂದು ಊಹಿಸುವುದು ಕಷ್ಟವಲ್ಲ. ಊರಿನ ಓದುಗರಿಗೆ ಯಾರ ಪರಿಚಯ ಇದೆಯೋ ಅವರಿಂದ ಸಾಲು ಶುರುಮಾಡು ಎಂಬುದು ಡೆಸ್ಕ್‌ಗಳಲ್ಲಿ ಹಳೆಯ ಪಾಠ. ಆ ಪಾಠವನ್ನು ಕಣ್ಣುಮುಚ್ಚಿ ಪಾಲಿಸಿದರೆ ಪದಕ ಗೆದ್ದವಳು ಗಂಡನ ಸುದ್ದಿಯ ಬಾಲವಾಗುತ್ತಾಳೆ. ಅದೇ ಕೂಟದಲ್ಲಿ ಹಂಗೆರಿಯ ಈಜುಗಾರ್ತಿ ಕಟಿಂಕಾ ಹೊಸ್ಸು 400 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ವಿಶ್ವದಾಖಲೆ ಬರೆದಾಗ, ಅಮೆರಿಕದ ಎನ್‌ಬಿಸಿ ವಾಹಿನಿಯ ವೀಕ್ಷಕ ವಿವರಣೆಕಾರರು ಗ್ಯಾಲರಿಯಲ್ಲಿದ್ದ ಪತಿ ಹಾಗೂ ಕೋಚ್ ಕಡೆ ಬೊಟ್ಟು ಮಾಡಿ, ಇದಕ್ಕೆ ಕಾರಣರಾದವರು ಇವರೇ ಎಂದರು. ಆ ಮಾತಿನ ತುಣುಕು ಎಲ್ಲೆಡೆ ಸುತ್ತಾಡಿತು.

ಇದಕ್ಕೆ ಪರಿಹಾರ ಸರಳ. ಸಾಲಿನ ಮೊದಲ ನಾಮಪದ ಆಟಗಾರ್ತಿಯ ಹೆಸರಾಗಿರಲಿ. ಆಮೇಲೆ ಅವರು ಮಾಡಿದ ಕೆಲಸ, ಅದರ ಹಿಂದೆಯೇ ಅಂಕ, ಸಮಯ ಅಥವಾ ದೂರ ಬರಲಿ. ತಾಯಿ, ಪತ್ನಿ, ಮಗಳು ಎಂಬ ಸಂಬಂಧಕ್ಕೆ ಅವರೇ ಆ ಬಗ್ಗೆ ಮಾತಾಡಿದ್ದರೆ ಅಥವಾ ಆಟದ ಸುದ್ದಿಗೆ ಅದು ನಿಜವಾಗಿ ಸೇರಿದ್ದರೆ ಮಾತ್ರ ಜಾಗ. ಸಂಶಯ ಬಂದರೆ ಹೆಸರು ಬದಲಿಸಿ ಓದಿ ನೋಡಬೇಕು: ಅದೇ ಸಾಲಿನಲ್ಲಿ ಪುರುಷ ಆಟಗಾರನ ಹೆಸರಿಟ್ಟರೆ ವಾಕ್ಯ ವಿಚಿತ್ರವಾಗಿ ಕೇಳಿಸುವುದೇ? ಕೇಳಿಸಿದರೆ ತಿದ್ದಬೇಕು. 2017ರ ವಿಶ್ವಕಪ್‌ಗೆ ಮುನ್ನ ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು ಎಂದು ಕೇಳಿದವರಿಗೆ ಮಿಥಾಲಿ ರಾಜ್, ಇದೇ ಪ್ರಶ್ನೆಯನ್ನು ಪುರುಷ ಕ್ರಿಕೆಟಿಗರಿಗೆ ಕೇಳುತ್ತೀರಾ ಎಂದು ಮರುಪ್ರಶ್ನೆ ಹಾಕಿದ್ದರು. ಡೆಸ್ಕ್‌ನಲ್ಲಿ ಕೂತವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ.

ಕನ್ನಡದಲ್ಲಿ ಬರೆಯುವಾಗ ಕ್ರಿಯಾಪದದ ಗೌರವವನ್ನೂ ಗಮನಿಸಬೇಕು. ಒಂದೇ ದಿನದ ಪೋಸ್ಟ್‌ಗಳಲ್ಲಿ ಹೆಸರಾಂತ ಬ್ಯಾಟರ್ ‘ಗೆದ್ದರು’, ಹದಿನೆಂಟರ ಹುಡುಗಿ ‘ಗೆದ್ದಳು’, ಕೆನ್ಯಾದ ಓಟಗಾರ ‘ಓಡಿದ’ ಎಂದು ಬಂದರೆ ಓದುಗರ ಮನಸ್ಸಿನಲ್ಲಿ ಮೇಲು–ಕೀಳಿನ ಸಾಲು ತಾನಾಗಿ ನಿಲ್ಲುತ್ತದೆ. ಎಲ್ಲರಿಗೂ ಬಹುವಚನ ಅಥವಾ ಎಲ್ಲರಿಗೂ ಏಕವಚನ, ಒಂದನ್ನು ನಿಗದಿ ಮಾಡಿಕೊಳ್ಳಬೇಕು. ನಮ್ಮ ಮಟ್ಟಿಗೆ ಬಹುವಚನವೇ ಸರಿ. ಹೆಸರಿನ ಮಾತೂ ಹೀಗೆಯೇ. ಪುರುಷರನ್ನು ಕುಲನಾಮದಿಂದಲೂ ಮಹಿಳೆಯರನ್ನು ಮೊದಲ ಹೆಸರಿನಿಂದಲೂ ಕರೆಯುವ ಅಭ್ಯಾಸ ಟೆನಿಸ್ ವರದಿಗಳಲ್ಲಿ ಎಷ್ಟೋ ದಶಕಗಳಿಂದ ಇದೆ. ಒಂದೇ ಕೂಟಕ್ಕೆ ಒಂದೇ ನಿಯಮ ಇರಲಿ.

‘ಮೊದಲ’, ‘ಅತಿ ಹೆಚ್ಚು’, ‘ಇತಿಹಾಸದಲ್ಲೇ’ ಎಂಬ ಮಾತುಗಳು ಕಂಡಲ್ಲೆಲ್ಲ ಪೋಸ್ಟನ್ನು ತಡೆದು ನಿಲ್ಲಿಸಿ ಪರಿಶೀಲಿಸಬೇಕು. 2010ರ ಫೆಬ್ರುವರಿಯಲ್ಲಿ ಸಚಿನ್ ತೆಂಡೂಲ್ಕರ್ ಗ್ವಾಲಿಯರ್‌ನಲ್ಲಿ ಅಜೇಯ 200 ಗಳಿಸಿದ್ದು ಪುರುಷರ ಏಕದಿನ ಕ್ರಿಕೆಟ್‌ನ ಮೊದಲ ದ್ವಿಶತಕ. ಅದಕ್ಕೂ ಹನ್ನೆರಡು ವರ್ಷ ಮೊದಲು, 1997ರ ಡಿಸೆಂಬರ್‌ನಲ್ಲಿ, ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ ಡೆನ್ಮಾರ್ಕ್ ವಿರುದ್ಧ ಅಜೇಯ 229 ಹೊಡೆದಿದ್ದರು. ಕ್ರಿಕೆಟ್ ವಿಶ್ವಕಪ್ ಮೊದಲು ನಡೆದದ್ದು 1973ರಲ್ಲಿ, ಮಹಿಳೆಯರದ್ದು, ಪುರುಷರದ್ದು 1975ರಲ್ಲಿ. ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ ಗಳಿಸಿದ ಗೋಲುಗಳು 190, ಆದರೂ 2021ರಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಪುರುಷರ ದಾಖಲೆ ಮುರಿದಾಗ ಅದನ್ನು ಫುಟ್‌ಬಾಲ್‌ನ ಸಾರ್ವಕಾಲಿಕ ದಾಖಲೆ ಎಂದೇ ಬರೆದ ಪೋಸ್ಟ್‌ಗಳು ಬಂದವು. 2017ರ ವಿಂಬಲ್ಡನ್‌ನಲ್ಲಿ ಸೋತು ಬಂದಿದ್ದ ಆಂಡಿ ಮರ್ರೆ, ತಮ್ಮನ್ನು ಸೋಲಿಸಿದ ಸ್ಯಾಮ್ ಕ್ವೆರಿ 2009ರ ನಂತರ ಗ್ರ್ಯಾಂಡ್‌ಸ್ಲಾಮ್ ಸೆಮಿಫೈನಲ್ ತಲುಪಿದ ಮೊದಲ ಅಮೆರಿಕನ್ ಎಂದ ವರದಿಗಾರರನ್ನು ‘ಪುರುಷ ಆಟಗಾರ’ ಎಂದು ಅಲ್ಲೇ ತಿದ್ದಿದರು. ಸೋತವರಿಗೆ ಆ ಹೊತ್ತಿನಲ್ಲಿ ನೆನಪಾದದ್ದು ಡೆಸ್ಕ್‌ಗೆ ನೆನಪಾಗದಿರಲು ಕಾರಣವಿಲ್ಲ. ಪುರುಷರ ಪಟ್ಟಿ, ಮಹಿಳೆಯರ ಪಟ್ಟಿ ಎರಡನ್ನೂ ತೆರೆದು ನೋಡಿದ ಮೇಲೆಯೇ ಅಂಥ ಸಾಲು ಹೋಗಬೇಕು. ಮಹಿಳಾ ಪಂದ್ಯಕ್ಕೆ ‘ಮಹಿಳಾ’ ಎಂದು ಸೇರಿಸುವ ಪೋಸ್ಟ್‌ನ ಪಕ್ಕದಲ್ಲಿ ಪುರುಷರ ಪಂದ್ಯಕ್ಕೆ ‘ಪುರುಷರ’ ಎಂದೂ ಸೇರಿಸಬೇಕು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಹೆಸರನ್ನು ಪುರುಷರ ಟೂರ್ನಿಗಷ್ಟೇ ಮೀಸಲಿಟ್ಟಿದ್ದರು. 2021ರಲ್ಲಿ ಆಟಗಾರ್ತಿಯೊಬ್ಬರು ತಮಗೆ ಕೊಟ್ಟ ವ್ಯಾಯಾಮ ಕೊಠಡಿಯ ದುಃಸ್ಥಿತಿಯ ವಿಡಿಯೊ ಹಾಕಿ, ಅದು ಎಲ್ಲೆಡೆ ಹರಡಿ, ವಿಚಾರಣೆ ನಡೆದ ಮೇಲೆಯೇ 2022ರಿಂದ ಆ ಹೆಸರು ಮಹಿಳೆಯರ ಟೂರ್ನಿಗೂ ಸಿಕ್ಕಿತು.

ಇನ್ನು ಚಿತ್ರ. ಬರಹಕ್ಕಿಂತ ಹೆಚ್ಚು ಹಾನಿ ಇಲ್ಲಾಗುತ್ತದೆ, ಗಮನ ಮಾತ್ರ ಕಡಿಮೆ. ಕ್ರೀಡಾ ವಿಡಿಯೊ ಬರುವುದು 16:9ರ ಅಡ್ಡ ಅಳತೆಯಲ್ಲಿ. ಅದನ್ನು ರೀಲ್ಸ್‌ಗಾಗಿ 9:16ರ ಉದ್ದಕ್ಕೆ ಕತ್ತರಿಸಿದರೆ ಮೂಲ ಚಿತ್ರದ ಅಗಲದಲ್ಲಿ ಶೇ 32ರಷ್ಟೂ ಉಳಿಯುವುದಿಲ್ಲ. ಚೌಕಕ್ಕೆ ಕತ್ತರಿಸಿದರೆ ಶೇ 56ರಷ್ಟು, 4:5ಕ್ಕೆ ಶೇ 45ರಷ್ಟು ಉಳಿಯುತ್ತದೆ. ಹೊರಗೆ ಹೋಗುವುದು ಯಾವುದು? ಚೆಂಡು, ಎದುರಾಳಿ, ರ‍್ಯಾಕೆಟ್‌ನ ತುದಿ, ಗೋಲುಕಂಬ. ಉಳಿಯುವುದು ಮೈ. ಆಟ ಕಳೆದುಹೋದ ಚಿತ್ರದಲ್ಲಿ ಆಟಗಾರ್ತಿ ಬರೀ ನೋಟದ ವಸ್ತುವಾಗಿಬಿಡುತ್ತಾಳೆ. ಆದ್ದರಿಂದ ಉದ್ದಕ್ಕೆ ಕತ್ತರಿಸುವ ಮೊದಲು ಚೆಂಡು ಅಥವಾ ಆಟದ ಸಾಧನ, ಮುಖ, ಕೈ ಈ ಮೂರೂ ಆ ಪಟ್ಟಿಯೊಳಗೆ ಬೀಳುವ ಫ್ರೇಮ್ ಹುಡುಕಬೇಕು. ಸಿಗದಿದ್ದರೆ ಅಡ್ಡ ಚಿತ್ರವನ್ನೇ ಇಟ್ಟು ಮೇಲೆ ಕೆಳಗೆ ಅಂಕಪಟ್ಟಿ, ಹೆಸರು ಹಾಕುವುದು ಲೇಸು. ಯೂಟ್ಯೂಬ್ ಥಂಬ್‌ನೇಲ್ ಅನ್ನು ತಂತ್ರಾಂಶವೇ ಆರಿಸಿಕೊಳ್ಳಲು ಬಿಡಬಾರದು. ಬಾಗಿದ, ಜಿಗಿದ, ಬಟ್ಟೆ ಸರಿದ ಕ್ಷಣದ ಫ್ರೇಮ್ ಅಲ್ಲಿ ಬಂದು ಕೂತರೆ, ಅದನ್ನು ಕತ್ತರಿಸಿ ಹಂಚುವವರು ಕಾದೇ ಇರುತ್ತಾರೆ.

ತಂತ್ರಾಂಶವೇ ಚಿತ್ರ ಕತ್ತರಿಸುವ ಸ್ವಯಂಚಾಲಿತ ಕ್ರಾಪ್ ನಂಬಬಾರದೆಂಬುದಕ್ಕೆ ಟ್ವಿಟರ್ (ಈಗಿನ ಎಕ್ಸ್) ಕಂಪನಿಯದೇ ಸಾಕ್ಷಿ ಇದೆ. ತನ್ನ ಕ್ರಾಪ್ ವ್ಯವಸ್ಥೆ ಬಿಳಿಯರ ಮುಖಗಳತ್ತ ವಾಲುತ್ತದೆ ಎಂಬ ದೂರು 2020ರಲ್ಲಿ ಬಂದಾಗ ಟ್ವಿಟರ್ ಪರೀಕ್ಷೆ ನಡೆಸಿತು. 2021ರ ಮೇನಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಕಪ್ಪು ಮತ್ತು ಬಿಳಿ ವರ್ಣದವರ ನಡುವೆ ಬಿಳಿಯರ ಪರ ಶೇ 4ರಷ್ಟು, ಪುರುಷ ಮತ್ತು ಮಹಿಳೆಯರ ನಡುವೆ ಮಹಿಳೆಯರ ಪರ ಶೇ 8ರಷ್ಟು ಒಲವು ಕಂಡಿತ್ತು. ಎಲ್ಲಿ ಕತ್ತರಿಸಬೇಕೆಂಬುದನ್ನು ಮನುಷ್ಯರೇ ತೀರ್ಮಾನಿಸುವುದು ಒಳಿತು ಎಂದು ಒಪ್ಪಿ ಕಂಪನಿ ಅದನ್ನು ಕೈಬಿಟ್ಟಿತು. ಶೇ 4 ಸಣ್ಣದೆನ್ನಿಸಬಹುದು, ಆದರೆ ದಿನವೂ ನೂರಾರು ತಂಡದ ಚಿತ್ರಗಳು ಹೋಗುವ ಹ್ಯಾಂಡಲ್‌ನಲ್ಲಿ ಚಿತ್ರದಂಚಿಗೆ ಸರಿದುಹೋಗುವವರು ಯಾರೆಂಬುದು ವರ್ಷದ ಕೊನೆಗೆ ಎದ್ದು ಕಾಣುತ್ತದೆ.

ಮೈಬಣ್ಣದ ವಿಷಯದಲ್ಲಿ ಎರಡು ಕಡೆ ಎಡವುತ್ತೇವೆ. ಬಿಳಿ ಜೆರ್ಸಿ, ಹೊನಲು ಬೆಳಕು, ಕಪ್ಪು ಮುಖ ಒಟ್ಟಿಗೆ ಇದ್ದಾಗ ಕ್ಯಾಮೆರಾದ ಸ್ವಯಂಚಾಲಿತ ಅಳತೆ ಜೆರ್ಸಿಯ ಬಿಳುಪನ್ನು ತಗ್ಗಿಸಲು ಹೋಗಿ ಇಡೀ ಚಿತ್ರವನ್ನು ಕತ್ತಲಾಗಿಸುತ್ತದೆ; ಕಣ್ಣು, ಹುಬ್ಬು, ಮುಖಭಾವ ಯಾವುದೂ ಕಾಣದು. ಅದನ್ನು ಸರಿಪಡಿಸಲೆಂದು ಒಂದೇ ಗುಂಡಿ ಒತ್ತಿ ಇಡೀ ಚಿತ್ರವನ್ನು ಬೆಳಗಿಸಿದರೆ ಮೈಬಣ್ಣವೇ ಬೇರೆಯಾಗಿಬಿಡುತ್ತದೆ. ಸರಿಯಾದ ಕ್ರಮವೆಂದರೆ ಮುಖದ ಭಾಗವನ್ನಷ್ಟೇ ಆರಿಸಿ ನೆರಳುಗಳನ್ನು ಮೇಲೆತ್ತುವುದು, ಬಣ್ಣದ ಛಾಯೆಯ ಗುಂಡಿ ಮುಟ್ಟದಿರುವುದು, ಅದೇ ಬೆಳಕಿನಲ್ಲಿ ತೆಗೆದ ಅದೇ ಆಟಗಾರರ ಇನ್ನೆರಡು ಚಿತ್ರಗಳ ಪಕ್ಕ ಇಟ್ಟು ಹೋಲಿಸುವುದು. ಮುಖ ನಯವಾಗಿಸುವ ಫಿಲ್ಟರ್‌ಗಳನ್ನು ಸುದ್ದಿಚಿತ್ರಕ್ಕೆ ಬಳಸಲೇಬಾರದು. 2019ರ ಜನವರಿಯಲ್ಲಿ ಜಪಾನಿನ ನಿಸ್ಸಿನ್ ಕಂಪನಿ ತನ್ನ ಜಾಹೀರಾತಿನಲ್ಲಿ ಟೆನಿಸ್ ಆಟಗಾರ್ತಿ ನವೊಮಿ ಒಸಾಕಾ ಅವರನ್ನು ಬೆಳ್ಳಗೆ ಚಿತ್ರಿಸಿ, ಟೀಕೆ ಬಂದ ಮೇಲೆ ಹಿಂತೆಗೆದುಕೊಂಡಿತು. 1994ರಲ್ಲಿ ಟೈಮ್ ವಾರಪತ್ರಿಕೆ ಕೊಲೆ ಆರೋಪದಲ್ಲಿ ಬಂಧಿತರಾಗಿದ್ದ ಅಮೆರಿಕನ್ ಫುಟ್‌ಬಾಲ್‌ನ ಮಾಜಿ ಆಟಗಾರ ಓ.ಜೆ. ಸಿಂಪ್ಸನ್ ಅವರ ಪೊಲೀಸ್ ಚಿತ್ರವನ್ನು ಮುಖಪುಟದಲ್ಲಿ ಇನ್ನಷ್ಟು ಕಪ್ಪಾಗಿಸಿತ್ತು. ಮೆಚ್ಚಿಸಬೇಕಾದಾಗ ಬೆಳಗಿಸುವುದು, ಭಯ ಹುಟ್ಟಿಸಬೇಕಾದಾಗ ಕಪ್ಪಾಗಿಸುವುದು: ಎರಡರ ಬೇರೂ ಒಂದೇ.

ಮಹಿಳೆಯರ ಕ್ರೀಡೆಯನ್ನು ಕ್ಯಾಮೆರಾ ಹೇಗೆ ನೋಡಬೇಕೆಂಬ ಬಗ್ಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಲಿಖಿತ ಮಾರ್ಗಸೂಚಿ 2018ರಿಂದ ಇದೆ, ಆಮೇಲೆ ಪರಿಷ್ಕರಣೆಯೂ ಆಗಿದೆ. ಆದರೂ 2024ರ ಪ್ಯಾರಿಸ್‌ನಲ್ಲಿ, ಪುರುಷ–ಮಹಿಳೆಯರಿಗೆ ಸಮಾನ ಸ್ಥಾನ ನೀಡಿದ ಮೊದಲ ಒಲಿಂಪಿಕ್ಸ್‌ನಲ್ಲಿ, ರಿಲೇ ಚಿನ್ನ ಗೆದ್ದ ಆಸ್ಟ್ರೇಲಿಯಾದ ಈಜುಗಾರ್ತಿಯರು ಮೇಕಪ್ ಮಾಡಿಕೊಳ್ಳುತ್ತಾ ತಡಮಾಡುತ್ತಿದ್ದಾರೆ ಎಂದ ವಿವರಣೆಕಾರರನ್ನು ಯೂರೊಸ್ಪೋರ್ಟ್ ವಾಹಿನಿ ಕೈಬಿಡಬೇಕಾಯಿತು. 2018ರ ಫುಟ್‌ಬಾಲ್ ವಿಶ್ವಕಪ್ ವೇಳೆ ಚಿತ್ರ ಸಂಸ್ಥೆ ಗೆಟ್ಟಿ ಇಮೇಜಸ್ ಪ್ರೇಕ್ಷಕಿಯರ ಮೈಮಾಟದ ಚಿತ್ರಸರಣಿ ಹಾಕಿ, ಬಳಿಕ ತೆಗೆದುಹಾಕಿತು. ‘ಟೂರ್ನಿಯ ಚೆಲುವೆಯರು’ ಎಂಬ ತಲೆಬರಹದ ಫೋಟೊ ಗ್ಯಾಲರಿಗಳು ಕನ್ನಡದಲ್ಲೂ ಹೊಸತಲ್ಲ. ಅವನ್ನು ನಿಲ್ಲಿಸಲು ಯಾವ ಮಾರ್ಗಸೂಚಿಯೂ ಬೇಕಾಗಿಲ್ಲ.

ವಿಶೇಷಣಗಳ ಬಗ್ಗೆ ಒಂದು ಅಧ್ಯಯನ ಗಮನಿಸಬೇಕು. ಯುರೋಪಿನ ನಾಲ್ಕು ಪ್ರಮುಖ ಫುಟ್‌ಬಾಲ್ ಲೀಗ್‌ಗಳ 80 ಪಂದ್ಯಗಳ ವೀಕ್ಷಕ ವಿವರಣೆಯಲ್ಲಿ 2,073 ಹೇಳಿಕೆಗಳನ್ನು ವಿಂಗಡಿಸಿ 2020ರಲ್ಲಿ ಪ್ರಕಟಿಸಲಾಯಿತು. ಬುದ್ಧಿವಂತಿಕೆಯ ಹೊಗಳಿಕೆಯಲ್ಲಿ ಶೇ 62ಕ್ಕೂ ಹೆಚ್ಚು ಪಾಲು ತಿಳಿ ಮೈಬಣ್ಣದವರಿಗೆ ಹೋಗಿತ್ತು. ಮೈಬಲದ ಮಾತು ಬಂದಾಗ ಅದು ಕಪ್ಪು ಮೈಬಣ್ಣದವರ ಕುರಿತಾಗಿರುವ ಸಾಧ್ಯತೆ ಆರೂವರೆ ಪಟ್ಟು, ವೇಗದ ಮಾತಿನಲ್ಲಿ ಮೂರು ಪಟ್ಟಿಗೂ ಮಿಗಿಲು. ಇದು ಹೊಗಳಿಕೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಒಬ್ಬರ ಗೆಲುವು ಯೋಚನೆಯ ಫಲ, ಇನ್ನೊಬ್ಬರದ್ದು ಮೈಯ ಫಲ ಎಂದು ವರ್ಷಗಟ್ಟಲೆ ಕೇಳಿಸಿಕೊಂಡ ಕ್ಲಬ್‌ಗಳು ನಾಯಕನನ್ನು, ಕೋಚನ್ನು ಆರಿಸುವ ಹೊತ್ತಿಗೆ ಯಾರತ್ತ ನೋಡುತ್ತವೆ ಎಂಬುದೇ ಅದಕ್ಕೆ ಉತ್ತರ. 1960ರ ರೋಮ್‌ನಲ್ಲಿ ಮೂರು ಚಿನ್ನ ಗೆದ್ದ ಅಮೆರಿಕದ ಓಟಗಾರ್ತಿ ವಿಲ್ಮಾ ರುಡಾಲ್ಫ್ ಅವರನ್ನು ಇಟಲಿಯ ಪತ್ರಿಕೆಗಳು ಕಪ್ಪು ಗಜೆಲ್ ಎಂದು ಕರೆದವು. ಅವರ ಸ್ಟಾರ್ಟ್, ತಿರುವಿನಲ್ಲಿನ ಹಿಡಿತ, ರಿಲೇಯಲ್ಲಿ ಬ್ಯಾಟನ್ ಪಡೆದ ಬಗೆ ಇವೆಲ್ಲ ಆ ಒಂದು ಪ್ರಾಣಿಯ ಹೆಸರಿನಲ್ಲಿ ಮುಚ್ಚಿಹೋದವು. ಕ್ಯಾಪ್ಷನ್‌ನಲ್ಲಿ ಚಿರತೆ, ಜಿಂಕೆ, ಕುದುರೆ ಬಂದಾಗ ಅದನ್ನು ಅಳಿಸಿ ಆಟಗಾರರು ನಿಜವಾಗಿ ಏನು ಮಾಡಿದರೆಂದು ಬರೆಯಬೇಕು. ಯಾವ ಅಂತರದಿಂದ, ಯಾವ ಕಾಲಿನಿಂದ, ಯಾರನ್ನು ತಪ್ಪಿಸಿ ಎಂದು ಬರೆದರೆ ವಿಶೇಷಣದ ಹಂಗು ಬೇಕಾಗುವುದಿಲ್ಲ.

ಒಂದೇ ನಡೆಗೆ ಎರಡು ತೀರ್ಪು ಕೊಡುವುದು ಇನ್ನೊಂದು ಬಗೆ. 2023ರ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮುಖದ ಮುಂದೆ ಕೈಯಾಡಿಸಿ ಎದುರಾಳಿಯನ್ನು ಕೆಣಕುವ ಸನ್ನೆಯನ್ನು ಮೊದಲು ಮಾಡಿದ್ದು ಬಿಳಿಯ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್. ಅದನ್ನು ಆತ್ಮವಿಶ್ವಾಸವೆಂದು ಮೆಚ್ಚಿದರು. ಕೆಲವೇ ದಿನಗಳ ನಂತರ ಫೈನಲ್‌ನಲ್ಲಿ ಕಪ್ಪು ವರ್ಣದ ಏಂಜೆಲ್ ರೀಸ್ ಅದೇ ಸನ್ನೆಯನ್ನು ಕ್ಲಾರ್ಕ್ ಕಡೆ ತಿರುಗಿಸಿದಾಗ ನಾಚಿಕೆಗೇಡು ಎಂದು ಹಳಿದರು. ಅಂಥ ಕ್ಲಿಪ್ ಹಾಕುವ ಮೊದಲು ಡೆಸ್ಕ್ ತನ್ನದೇ ಹಳೆಯ ಪೋಸ್ಟ್‌ಗಳನ್ನು ಹುಡುಕಿ ನೋಡಬೇಕು: ಇದೇ ನಡೆಗೆ ಹಿಂದೆ ನಾವು ಏನೆಂದು ಬರೆದಿದ್ದೆವು?

ಸಂದರ್ಶನದ ವಿಡಿಯೊಗಳಿಗೆ ಯಂತ್ರವೇ ಹಾಕುವ ಅಡಿಬರಹವೂ ಪಕ್ಷಪಾತದ ಜಾಗ. 2020ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಸಂಶೋಧಕರ ಅಧ್ಯಯನ ಐದು ದೊಡ್ಡ ಕಂಪನಿಗಳ ಧ್ವನಿ ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿತು. ಅಮೆರಿಕದ ಬಿಳಿಯರ ಮಾತಿನಲ್ಲಿ ಸರಾಸರಿ ನೂರಕ್ಕೆ 19 ಪದಗಳು ತಪ್ಪಾದರೆ ಕಪ್ಪು ವರ್ಣದವರ ಮಾತಿನಲ್ಲಿ 35 ತಪ್ಪಾದವು. ಇಂಥ ಅಡಿಬರಹವನ್ನೇ ನಂಬಿ ಕನ್ನಡಕ್ಕೆ ತಂದರೆ ಆಟಗಾರರು ಹೇಳದ ಮಾತು ಅವರ ಬಾಯಲ್ಲಿ ಬರುತ್ತದೆ. ಮೂಲ ಧ್ವನಿ ಕೇಳದೆ ಉದ್ಧರಣೆ ಹಾಕಬಾರದು.

ಎಷ್ಟು ತೋರಿಸುತ್ತೇವೆ ಎಂಬ ಲೆಕ್ಕಕ್ಕೆ ಬಂದರೆ, ಅಮೆರಿಕದಲ್ಲಿ 30 ವರ್ಷ ನಡೆದ ಅಧ್ಯಯನವೊಂದರ ಪ್ರಕಾರ 2019ರಲ್ಲಿ ಟಿ.ವಿ. ಕ್ರೀಡಾ ಸುದ್ದಿಯ ಸಮಯದಲ್ಲಿ ಮಹಿಳೆಯರ ಪಾಲು ಶೇ 5.4. ಆ ವರ್ಷದ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನ ಸುದ್ದಿಯನ್ನು ಬಿಟ್ಟರೆ ಶೇ 3.5. ಅದೇ ಮಾಧ್ಯಮಗಳ ಆನ್‌ಲೈನ್ ಸುದ್ದಿಪತ್ರ ಮತ್ತು ಟ್ವೀಟ್‌ಗಳಲ್ಲಿ ಪಾಲು ಶೇ 10ರ ಆಸುಪಾಸು. ಆನ್‌ಲೈನ್‌ನಲ್ಲಿ ಪುಟದ ಮಿತಿ ಇಲ್ಲ, ಸಮಯದ ಮಿತಿ ಇಲ್ಲ, ಆದರೂ ಇಷ್ಟೇ. ನೋಡುವವರಿಲ್ಲ ಎಂಬ ಮಾತು ಎಲ್ಲ ಕಡೆ ನಿಲ್ಲದು. 2024ರ ಕಾಲೇಜು ಬ್ಯಾಸ್ಕೆಟ್‌ಬಾಲ್ ಮಹಿಳಾ ಫೈನಲ್ ಅನ್ನು ಸುಮಾರು 1.89 ಕೋಟಿ ಜನ ನೋಡಿದರೆ ಪುರುಷರ ಫೈನಲ್ ನೋಡಿದವರು ಸುಮಾರು 1.48 ಕೋಟಿ. ಆಟದ ಗುಣಮಟ್ಟವೇ ಕಡಿಮೆ ಎನ್ನುವವರಿಗಾಗಿ 2023ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. 613 ಜನರಿಗೆ ಪುರುಷರ ಹಾಗೂ ಮಹಿಳೆಯರ ಫುಟ್‌ಬಾಲ್ ಗೋಲುಗಳ ವಿಡಿಯೊ ತೋರಿಸಿ ಅಂಕ ಕೊಡಿಸಿದರು. ಆಡುವವರು ಯಾರೆಂದು ಕಾಣುವಾಗ ಪುರುಷರಿಗೆ ಹೆಚ್ಚು ಅಂಕ ಬಂತು, ಆಕೃತಿಯನ್ನು ಮಸುಕಾಗಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಮಹಿಳೆಯರ ಪಂದ್ಯದ ಹೈಲೈಟ್ಸ್ ಅನ್ನು ಎರಡೇ ಕ್ಯಾಮೆರಾದಲ್ಲಿ, ರಿಪ್ಲೇ ಇಲ್ಲದೆ, ಸ್ಕೋರ್ ತೋರಿಸದೆ, ಮರುದಿನ ಹಾಕಿ, ಆಮೇಲೆ ವೀಕ್ಷಣೆ ಕಡಿಮೆ ಎಂದು ಕೈಚೆಲ್ಲುವುದು ನ್ಯಾಯವಲ್ಲ.

ಕಮೆಂಟ್ ವಿಭಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನ ಡೆಸ್ಕ್‌ಗಳು ಪೋಸ್ಟ್ ಹೋದ ಕ್ಷಣ ತಮ್ಮ ಕೆಲಸ ಮುಗಿಯಿತೆಂದುಕೊಳ್ಳುತ್ತವೆ. ಟೋಕಿಯೊ ಒಲಿಂಪಿಕ್ಸ್ ವೇಳೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 161 ಕ್ರೀಡಾಪಟುಗಳ ಟ್ವಿಟರ್ ಖಾತೆಗಳ ಮೇಲೆ ನಿಗಾ ಇಟ್ಟಿತ್ತು. ಗುರಿಯಿಟ್ಟು ನಿಂದಿಸಿದ 132 ಪೋಸ್ಟ್‌ಗಳಲ್ಲಿ 115 ಮಹಿಳೆಯರ ಮೇಲಿನವು. ಒಟ್ಟು ನಿಂದನೆಯಲ್ಲಿ ಶೇ 63ರಷ್ಟು ಇಬ್ಬರ ಮೇಲೆಯೇ ಬಿದ್ದಿತ್ತು. ಇಬ್ಬರೂ ಕಪ್ಪು ವರ್ಣದ ಮಹಿಳೆಯರು. ಲಿಂಗ, ಜನಾಂಗ ಎಂದು ಎರಡು ಬೇರೆ ಕಡತಗಳಲ್ಲಿ ಇಟ್ಟು ನೋಡಿದರೆ ಈ ಇಬ್ಬರ ಪಾಡು ಎರಡರಲ್ಲೂ ಅರ್ಧವಷ್ಟೇ ಕಾಣುತ್ತದೆ. 2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಐವರಲ್ಲಿ ಒಬ್ಬ ಆಟಗಾರ್ತಿ ನಿಂದನೆಗೆ ಗುರಿಯಾದರೆಂದು ಫಿಫಾ ವರದಿ ಹೇಳಿತು. 2021ರ ಜುಲೈ 11ರಂದು ಯೂರೊ ಫೈನಲ್‌ನಲ್ಲಿ ಪೆನಾಲ್ಟಿಯನ್ನು ಗೋಲಾಗಿಸಲು ವಿಫಲರಾದ ಇಂಗ್ಲೆಂಡ್‌ನ ಮಾರ್ಕಸ್ ರಾಷ್‌ಫರ್ಡ್, ಜೇಡನ್ ಸ್ಯಾಂಚೊ, ಬುಕಾಯೊ ಸಾಕಾ ಮೇಲೆ ಜನಾಂಗೀಯ ಬೈಗುಳ ಸುರಿಯಿತು. ಅವನ್ನು ಹಾಕಿದವರೆಲ್ಲ ಹೆಸರಿಲ್ಲದ ಖಾತೆಗಳೆಂಬ ನಂಬಿಕೆಯನ್ನು ಟ್ವಿಟರ್‌ನದೇ ವಿಶ್ಲೇಷಣೆ ಅಲ್ಲಗಳೆಯಿತು. ತಾನು ಅಮಾನತು ಮಾಡಿದ ಖಾತೆಗಳಲ್ಲಿ ಶೇ 99ರಷ್ಟು ಖಾತೆಗಳ ಮಾಲೀಕರನ್ನು ಗುರುತಿಸಬಹುದಿತ್ತು ಎಂದು ಅದು ಹೇಳಿತು.

ಕಮೆಂಟ್‌ಗೆ ನಾವು ಹೊಣೆಯಲ್ಲ ಎಂಬ ವಾದ ಈಗ ಎಲ್ಲೆಡೆ ನಡೆಯುವುದಿಲ್ಲ. ಮಾಧ್ಯಮ ಸಂಸ್ಥೆಯ ಫೇಸ್‌ಬುಕ್ ಪುಟದಲ್ಲಿ ಮೂರನೆಯವರು ಹಾಕುವ ಕಮೆಂಟ್‌ಗಳಿಗೂ ಆ ಸಂಸ್ಥೆಯೇ ಪ್ರಕಾಶಕ ಎಂದು ಆಸ್ಟ್ರೇಲಿಯಾದ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತಿದೆ. ಮಾಡಬೇಕಾದ ಕೆಲಸ ಪಂದ್ಯಕ್ಕೆ ಮೊದಲೇ ಶುರುವಾಗುತ್ತದೆ. ತಡೆಪದಗಳ ಪಟ್ಟಿ ಸಿದ್ಧವಿರಬೇಕು. ಇನ್‌ಸ್ಟಾಗ್ರಾಂನಲ್ಲಿ ಪದ ಮತ್ತು ಎಮೋಜಿಗಳನ್ನು ಮರೆಮಾಡುವ ಸೌಲಭ್ಯ ಇದೆ, ಫೇಸ್‌ಬುಕ್ ಪುಟಗಳಲ್ಲೂ ತಡೆಪಟ್ಟಿ ಹಾಕಬಹುದು. ಕಪ್ಪು ವರ್ಣದ ಆಟಗಾರರ ಪೋಸ್ಟ್‌ಗೆ ಬರುವ ಕೋತಿ, ಬಾಳೆಹಣ್ಣಿನ ಎಮೋಜಿ ಅದರಲ್ಲಿರಬೇಕು. ಕನ್ನಡದ ಬೈಗುಳ ಮೂರು ವೇಷದಲ್ಲಿ ಬರುತ್ತದೆ: ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಅಕ್ಷರಗಳ ನಡುವೆ ಚುಕ್ಕಿ, ಅಂಕಿ ತುರುಕಿ. ಕಂಪನಿಗಳ ಸಿದ್ಧ ಫಿಲ್ಟರ್ ಇಂಗ್ಲಿಷ್ ಬೈಗುಳಕ್ಕೆ ಹೇಳಿ ಮಾಡಿಸಿದ್ದು, ಎರಡನೆಯ ಮೂರನೆಯ ವೇಷ ಅದರ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಪಟ್ಟಿಯನ್ನು ಡೆಸ್ಕ್ ತಾನೇ ಕಟ್ಟಿ, ಪ್ರತಿ ದೊಡ್ಡ ಪಂದ್ಯದ ಮರುದಿನ ಅದಕ್ಕೆ ಹೊಸದನ್ನು ಸೇರಿಸುತ್ತಿರಬೇಕು. ಪೋಸ್ಟ್ ಹೋದ ಮೊದಲ ಎರಡು ಗಂಟೆ ಒಬ್ಬರನ್ನು ಕಮೆಂಟ್ ನೋಡಲೆಂದೇ ಕೂರಿಸಬೇಕು. ಆ ಹೊತ್ತಿಗೆ ಯಾರೂ ಇಲ್ಲವೆಂದರೆ ಕಮೆಂಟ್ ಮುಚ್ಚಿಯೇ ಪೋಸ್ಟ್ ಹಾಕಬೇಕು. ಬೆದರಿಕೆ ಕಂಡರೆ ಮೊದಲು ಸ್ಕ್ರೀನ್‌ಶಾಟ್, ಕೊಂಡಿ, ಖಾತೆಯ ಹೆಸರು, ಸಮಯ ಉಳಿಸಿಕೊಂಡು ಆಮೇಲೆ ಅಳಿಸಿ ದೂರು ಕೊಡಬೇಕು. ಮೊದಲೇ ಅಳಿಸಿದರೆ ಪೊಲೀಸರಿಗೋ ಕ್ರೀಡಾ ಸಂಸ್ಥೆಗೋ ಕೊಡಲು ಸಾಕ್ಷ್ಯ ಉಳಿಯದು.

ಇದಕ್ಕೆ ಅಂಟಿಕೊಂಡಂತೆ ಇನ್ನೊಂದು ರೋಗವಿದೆ. ‘ನೆಟ್ಟಿಗರು ಗರಂ’, ‘ಹಿಗ್ಗಾಮುಗ್ಗಾ ಟ್ರೋಲ್’ ಎಂಬ ಸುದ್ದಿಗಳು. ಹತ್ತು ಬೈಗುಳದ ಪೋಸ್ಟ್‌ಗಳನ್ನು ಜೋಡಿಸಿ ಒಂದು ವರದಿ ಮಾಡಿದರೆ, ಇಪ್ಪತ್ತು ಜನ ಓದಿದ್ದ ಬೈಗುಳ ಲಕ್ಷ ಜನರನ್ನು ತಲುಪುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಪಂದ್ಯದಲ್ಲಿ ಕ್ಯಾಚ್ ಬಿಟ್ಟ ಅರ್ಷದೀಪ್ ಸಿಂಗ್ ಅವರ ವಿಕಿಪೀಡಿಯ ಪುಟವನ್ನು ಅವರ ಧರ್ಮದ ನೆಪದಲ್ಲಿ ಕಿಡಿಗೇಡಿಗಳು ತಿರುಚಿದರು. ತಿರುಚಿದ ಸಾಲುಗಳನ್ನೇ ಸ್ಕ್ರೀನ್‌ಶಾಟ್ ಮಾಡಿ ಹಂಚುವ ಅಗತ್ಯ ಯಾವ ಮಾಧ್ಯಮಕ್ಕೂ ಇರಲಿಲ್ಲ. ನಿಂದನೆ ನಡೆದಿದೆ ಎಂಬುದು ಸುದ್ದಿ. ನಿಂದನೆಯ ಪದಗಳನ್ನು ಮರುಮುದ್ರಿಸದೆಯೂ ಅದನ್ನು ಬರೆಯಬಹುದು.

ತಪ್ಪಾದಾಗ ತಿದ್ದುವ ವಿಧಾನ ಇನ್ನೂ ದುರ್ಬಲ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ಬಾಕ್ಸಿಂಗ್‌ನಲ್ಲಿ ಅಲ್ಜೀರಿಯಾದ ಇಮಾನೆ ಖೆಲಿಫ್ ಎದುರು ಇಟಲಿಯ ಆಂಜೆಲಾ ಕರೀನಿ 46 ಸೆಕೆಂಡ್‌ಗಳಲ್ಲಿ ಹಿಂದೆ ಸರಿದರು. ಕೆಲವೇ ಗಂಟೆಗಳಲ್ಲಿ ಖೆಲಿಫ್ ಪುರುಷ, ಲಿಂಗಪರಿವರ್ತಿತ ಎಂಬ ಪೋಸ್ಟ್‌ಗಳು ಜಗತ್ತಿಡೀ ಹರಡಿದವು. ಅವರು ಹುಟ್ಟಿನಿಂದ ಹೆಣ್ಣೆಂದು ನೋಂದಣಿಯಾದವರು, ಟೋಕಿಯೊದಲ್ಲೂ ಮಹಿಳಾ ವಿಭಾಗದಲ್ಲೇ ಆಡಿದ್ದವರು. ಬೋಸ್ಟನ್ ಗ್ಲೋಬ್‌ನಂಥ ಪತ್ರಿಕೆಯೂ ಮುದ್ರಿತ ಶೀರ್ಷಿಕೆಯಲ್ಲಿ ಅವರನ್ನು ಲಿಂಗಪರಿವರ್ತಿತ ಎಂದು ಬರೆದು ಕ್ಷಮೆ ಕೇಳಬೇಕಾಯಿತು. ಅರ್ಹತೆಯ ನಿಯಮಗಳ ಬಗ್ಗೆ ಚರ್ಚೆ ಇದೆ, ಇರಲಿ. 2023ರಲ್ಲಿ ಅವರನ್ನು ಅನರ್ಹಗೊಳಿಸಿದ್ದ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಯ ಮಾನ್ಯತೆಯನ್ನು ಒಲಿಂಪಿಕ್ ಸಮಿತಿ ಅದೇ ವರ್ಷ ಹಿಂತೆಗೆದುಕೊಂಡಿತ್ತು. 2025ರಲ್ಲಿ ವರ್ಲ್ಡ್ ಬಾಕ್ಸಿಂಗ್ ಸಂಸ್ಥೆ ಲಿಂಗ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಯಾವ ಸಂಸ್ಥೆ, ಯಾವ ಕೂಟ, ಯಾವ ನಿಯಮ ಎಂದು ಬರೆದರೆ ಅದು ವರದಿ. ಒಬ್ಬರ ಮೈಕಟ್ಟು ನೋಡಿ ಲಿಂಗ ತೀರ್ಮಾನಿಸಿದರೆ ಅದು ಹಲ್ಲೆ. ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯ, ಭಾರತದ ಓಟಗಾರ್ತಿ ದ್ಯುತಿ ಚಾಂದ್, ತೈವಾನ್‌ನ ಬಾಕ್ಸರ್ ಲಿನ್ ಯು ಟಿಂಗ್, ಖೆಲಿಫ್ ಹೀಗೆ ಬಹಿರಂಗವಾಗಿ ಮೈ ಪರೀಕ್ಷೆಗೆ ಒಳಗಾದವರ ಹೆಸರುಗಳನ್ನು ಸಾಲಾಗಿ ಇಟ್ಟರೆ, ಅವರು ಯಾವ ಖಂಡಗಳಿಂದ ಬಂದವರೆಂಬುದನ್ನೂ ಗಮನಿಸಬೇಕು.

ತಪ್ಪು ಪೋಸ್ಟನ್ನು ಸದ್ದಿಲ್ಲದೆ ಅಳಿಸಿದರೆ ಅದರ ಸ್ಕ್ರೀನ್‌ಶಾಟ್ ಓಡಾಡುತ್ತಲೇ ಇರುತ್ತದೆ. ಅದೇ ಪೋಸ್ಟ್‌ನ ಕೆಳಗೆ ಕಮೆಂಟ್ ಆಗಿ ತಿದ್ದುಪಡಿ ಹಾಕಿದರೆ ಯಾರಿಗೂ ಕಾಣುವುದಿಲ್ಲ. ತಿದ್ದುಪಡಿಯನ್ನು ಹೊಸ ಪೋಸ್ಟ್ ಆಗಿ, ತಪ್ಪು ಹೋದ ಅದೇ ಮಾದರಿಯಲ್ಲಿ, ಚಿತ್ರವಾಗಿದ್ದರೆ ಚಿತ್ರವಾಗಿ, ರೀಲ್ ಆಗಿದ್ದರೆ ರೀಲ್ ಆಗಿ, ಏನು ತಪ್ಪಿತ್ತು, ಯಾವುದು ಸರಿ ಎಂಬ ಎರಡು ಸಾಲಿನೊಂದಿಗೆ ಹಾಕಿ, ಕನಿಷ್ಠ 24 ಗಂಟೆ ಪುಟದ ಮೇಲ್ಭಾಗದಲ್ಲಿ ಪಿನ್ ಮಾಡಬೇಕು. ತಪ್ಪು ಪದವನ್ನು ತಿದ್ದುಪಡಿಯ ಶೀರ್ಷಿಕೆಯಲ್ಲಿ ಮತ್ತೆ ಬರೆಯಬಾರದು, ಹುಡುಕುವವರಿಗೆ ಅದೇ ಮೊದಲು ಸಿಗುತ್ತದೆ.

ಕೊನೆಯದಾಗಿ ನಮ್ಮ ಬೇಡಿಕೆ. ತಮ್ಮ ಪತ್ರಿಕೆ ತನ್ನ ಕ್ರೀಡಾ ಹ್ಯಾಂಡಲ್‌ಗಳ ಲೆಕ್ಕವನ್ನು ತಾನೇ ತೆಗೆಯಲಿ. ದೊಡ್ಡ ಟೂರ್ನಿ ಇರುವ ನಾಲ್ಕು ವಾರ, ಇಲ್ಲದ ನಾಲ್ಕು ವಾರ, ಎರಡನ್ನೂ ಆರಿಸಿಕೊಳ್ಳಬೇಕು. ಒಂದನ್ನೇ ಆರಿಸಿದರೆ ಶೇ 5.4 ಮತ್ತು 3.5ರಂಥ ಅಂತರ ಕಣ್ತಪ್ಪುತ್ತದೆ. ಒಂದು ಕೋಷ್ಟಕದಲ್ಲಿ ಪ್ರತಿ ಪೋಸ್ಟ್‌ಗೆ ಒಂದು ಸಾಲು, ಅದರಲ್ಲಿ ಈ ಅಂಕಣಗಳು: ದಿನ, ಹಾಕಿದ ಸಮಯ, ಕ್ರೀಡೆ, ಯಾರ ಪಂದ್ಯ, ಮೊದಲ ನಾಮಪದ, ಕ್ರಿಯಾಪದದ ರೂಪ, ಬಳಸಿದ ವಿಶೇಷಣ, ಚಿತ್ರದಲ್ಲಿ ಆಟ ಇದೆಯೇ ಅಥವಾ ಭಂಗಿ ಮಾತ್ರವೇ, ವಿಡಿಯೊ ಎಷ್ಟು ಸೆಕೆಂಡ್, ಪಿನ್ ಆಗಿತ್ತೇ, ಅಳಿಸಿದ ಕಮೆಂಟ್ ಎಷ್ಟು. ಮೊದಲ 50 ಪೋಸ್ಟ್‌ಗಳನ್ನು ಇಬ್ಬರು ಪರಸ್ಪರ ನೋಡದೆ ತುಂಬಬೇಕು. ಐದರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಭಿನ್ನವಾದರೆ ಅಂಕಣದ ವ್ಯಾಖ್ಯೆಯೇ ಅಸ್ಪಷ್ಟವಾಗಿದೆ ಎಂದರ್ಥ, ಅದನ್ನು ತಿದ್ದಿ ಮತ್ತೆ ಶುರುಮಾಡಬೇಕು. ಆಟಗಾರರ ಜನಾಂಗವನ್ನು ಚಿತ್ರ ನೋಡಿ ಊಹಿಸಿ ಬರೆಯಬಾರದು. ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದರೆ ಮಾತ್ರ ದಾಖಲಿಸಿ, ಉಳಿದ ಕಡೆ ಪೋಸ್ಟ್ ಅವರ ಬಣ್ಣವನ್ನೋ ಮೂಲವನ್ನೋ ಹೇಗೆ ಉಲ್ಲೇಖಿಸಿದೆ ಎಂಬುದನ್ನಷ್ಟೇ ಬರೆಯಬೇಕು. ಒಟ್ಟು ಪೋಸ್ಟ್‌ಗಳ ಶೇಕಡಾವಾರಿನ ಜೊತೆಗೆ ಆ ಅವಧಿಯಲ್ಲಿ ನಿಜವಾಗಿ ನಡೆದ ಮಹಿಳಾ ಪಂದ್ಯಗಳ ಸಂಖ್ಯೆಯನ್ನೂ ಪಕ್ಕದಲ್ಲಿ ಇಡಬೇಕು, ಇಲ್ಲವಾದರೆ ಅಂಕಿಗೆ ಅರ್ಥ ಬರುವುದಿಲ್ಲ.

ಈ ಲೆಕ್ಕ ಮುಗಿದ ಮೇಲೆ, ಹೇಗೇ ಬಂದಿರಲಿ, ಕ್ರೀಡಾಪುಟದಲ್ಲೇ ಪ್ರಕಟಿಸಿ. ಆರು ತಿಂಗಳ ನಂತರ ಅದೇ ಅಂಕಣಗಳಲ್ಲಿ ಮತ್ತೊಮ್ಮೆ ಎಣಿಸಿ, ಅದನ್ನೂ ಪ್ರಕಟಿಸಿ.

ಇಂತಿ,
ಕ್ರೀಡಾ ಮಾಧ್ಯಮದ ಅಧ್ಯಯನದಲ್ಲಿ ತೊಡಗಿರುವ ಓದುಗರು